ಎಂಜಿನ್ ಗಟ್ಟಿ, ಗುಂಡಿ ಜಿಗುಟು

2002ರ ಜುಲೈನಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ರೇಸ್ ಟ್ರ್ಯಾಕಿನಲ್ಲಿ ಮೈಕೆಲ್ ಶೂಮಾಕರ್ ಒಂದು ಕೆಂಪು ಕಾರಿನ ಕೀಲಿಯನ್ನು ಸಚಿನ್ ತೆಂಡೂಲ್ಕರ್ ಕೈಗಿಟ್ಟರು. ಡಾನ್ ಬ್ರಾಡ್ಮನ್ ಅವರ 29 ಟೆಸ್ಟ್ ಶತಕಗಳನ್ನು ಸರಿಗಟ್ಟಿದ್ದಕ್ಕೆ ಫಿಯೆಟ್ ಕಂಪನಿ ಕೊಟ್ಟ ಉಡುಗೊರೆ ಅದು: ಫೆರಾರಿ 360 ಮೊಡೆನಾ. ಆಮದು ಸುಂಕದ ರಗಳೆ ಕೋರ್ಟಿನ ಮೆಟ್ಟಿಲು ಹತ್ತಿ, ಕೊನೆಗೆ ಕಂಪನಿಯೇ ಸುಂಕ ಕಟ್ಟಿದ ಕಥೆ ಕಾರುಗಳ ಗೊಡವೆಗೆ ಹೋಗದವರಿಗೂ ನೆನಪಿದೆ. ನಮ್ಮ ಎಷ್ಟೋ ಮಂದಿಗೆ ಮಾದರಿಯ ಹೆಸರು ಸಮೇತ ಪರಿಚಯವಾದ ಮೊದಲ ಫೆರಾರಿ ಬಹುಶಃ ಅದೇ.

ಆ ಮಾದರಿ ಹೊರಬಂದದ್ದು 1999ರಲ್ಲಿ. ಪೂರ್ತಿ ಅಲ್ಯೂಮಿನಿಯಂ ಚೌಕಟ್ಟಿನ ಮೊದಲ ಫೆರಾರಿ ರಸ್ತೆ ಕಾರು ಅದು. 3.6 ಲೀಟರಿನ ವಿ8 ಎಂಜಿನ್, ಪ್ರತಿ ಸಿಲಿಂಡರಿಗೆ ಐದು ವಾಲ್ವ್, ಸುಮಾರು 400 ಅಶ್ವಶಕ್ತಿ, ನಿಮಿಷಕ್ಕೆ 8,500 ಸುತ್ತು. ಕಾಲಕಾಲಕ್ಕೆ ಬೆಲ್ಟ್ ಬದಲಿಸಿ, ಎಣ್ಣೆ ನೋಡಿಕೊಂಡರೆ ಈ ಎಂಜಿನ್ ಇವತ್ತಿಗೂ ಹಾಡುತ್ತದೆ. ಆದರೆ ಅದೇ ಕಾರಿನೊಳಗೆ ಕುಳಿತು ಕಿಟಕಿ ಇಳಿಸಲು ಬಟನ್ ಒತ್ತಿದರೆ ಬೆರಳಿಗೆ ಕಪ್ಪು ಅಂಟು ಮೆತ್ತಿಕೊಳ್ಳುತ್ತದೆ. ಎ.ಸಿ. ನಾಬ್ ತಿರುಗಿಸಿದರೆ ಅದರ ಮೇಲೆ ಬೆರಳಚ್ಚು ಉಳಿಯುತ್ತದೆ. ಒರೆಸಲು ಟಿಶ್ಯೂ ಹಚ್ಚಿದರೆ ಕಾಗದದ ಎಳೆಗಳು ಅಲ್ಲೇ ಅಂಟಿ ಕೂರುತ್ತವೆ. ಗಾಳಿ ಬರುವ ಕಿಂಡಿಗಳ ಅಂಚು, ಸ್ಟಿಯರಿಂಗ್ ಹಿಂದಿನ ಕಡ್ಡಿಗಳು, ಬಾಗಿಲಿನ ಹಿಡಿಕೆ, ಎಲ್ಲದಕ್ಕೂ ಇದೇ ಗತಿ.

ಇದು 360 ಮಾದರಿಯೊಂದರ ಕಾಯಿಲೆಯಲ್ಲ. 1990ರ ದಶಕದ ಎಫ್355, 550 ಮರನೆಲ್ಲೊ, ಆಮೇಲಿನ 575ಎಂ, ಎಫ್430, 612 ಸ್ಕಾಲಿಯೆಟ್ಟಿ ಕಾರುಗಳಲ್ಲೂ ಮಾಲೀಕರು ಇದನ್ನು ಕಂಡಿದ್ದಾರೆ. ಅದೇ ಅವಧಿಯ ಮಸೆರಾಟಿಗಳಲ್ಲೂ, 2007ರ ಗ್ರಾನ್‌ಟೂರಿಸ್ಮೊವರೆಗೆ, ನಡುಗೂಡಿನ ಬಟನ್‌ಗಳು ಜಿಗುಟಾಗುವುದು ಮಾಮೂಲು. ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳಲು ಬಂದ ಅನುಭವಿಗಳು ಬಾನೆಟ್ ಎತ್ತುವ ಮೊದಲೇ ಡ್ಯಾಶ್‌ಬೋರ್ಡಿನ ಬಟನ್‌ಗಳ ಮೇಲೆ ಹೆಬ್ಬೆರಳು ಆಡಿಸಿ ನೋಡುವುದುಂಟು.

ಮೊದಲಿಗೆ ಎಲ್ಲರೂ ಇದನ್ನು ಕೊಳೆ ಎಂದುಕೊಳ್ಳುತ್ತಾರೆ. ಯಾರೋ ಜ್ಯೂಸ್ ಚೆಲ್ಲಿರಬೇಕು, ಕೈಯ ಎಣ್ಣೆ ಹತ್ತಿರಬೇಕು ಎಂದು ಸೋಪಿನ ನೀರಿನಲ್ಲಿ ಒರೆಸುತ್ತಾರೆ. ಒಂದೆರಡು ದಿನ ಪರವಾಗಿಲ್ಲ ಅನ್ನಿಸಿ ಮತ್ತೆ ಅಂಟು ಮರಳುತ್ತದೆ. ಮರಳಲೇಬೇಕು, ಏಕೆಂದರೆ ಅದು ಹೊರಗಿನಿಂದ ಬಂದು ಕೂತ ಕೊಳೆಯಲ್ಲ. ಬಟನ್ನಿಗೆ ಕಾರ್ಖಾನೆಯಲ್ಲೇ ಬಳಿದಿದ್ದ ಲೇಪನ ತಾನೇ ಕೊಳೆಯುತ್ತಿದೆ. ರಿಪೇರಿಯ ದಾರಿ ಈ ಒಂದು ವಿಷಯದ ಮೇಲೆ ನಿಂತಿದೆ: ಲೇಪನವನ್ನು ಶುಚಿ ಮಾಡಿ ಉಳಿಸಿಕೊಳ್ಳಲು ಆಗದು, ಪೂರ್ತಿಯಾಗಿ ತೆಗೆಯಬೇಕು.

ಆ ಲೇಪನ ಬಂದದ್ದೇಕೆ? ಕಾರಿನೊಳಗಿನ ಬಟನ್‌ಗಳು ಸಾಮಾನ್ಯವಾಗಿ ಎಬಿಎಸ್ ಅಥವಾ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನವು. ಮುಟ್ಟಿದರೆ ಒರಟು, ಬಿಸಿಲಿಗೆ ಫಳಫಳ, ಅಚ್ಚಿನ ಗೆರೆಗಳು ಕಣ್ಣಿಗೆ ರಾಚುತ್ತವೆ. 1990ರ ದಶಕದಲ್ಲಿ ಕಾರು ತಯಾರಕರಿಗೆ ಇದಕ್ಕೊಂದು ಸುಲಭ ಪರಿಹಾರ ಸಿಕ್ಕಿತು. ಆ ಪ್ಲಾಸ್ಟಿಕ್ಕಿನ ಮೇಲೆ ಮೃದುವಾದ, ಮಂಕು ಕಪ್ಪು ಬಣ್ಣದ ಪಾಲಿಯುರೆಥೇನ್ ಪದರವನ್ನು ತೆಳ್ಳಗೆ ಸಿಂಪಡಿಸಿದರೆ ಸಾಕು, ಬೆರಳಿಗೆ ರಬ್ಬರಿನ ಹಿತ, ಕಣ್ಣಿಗೆ ಬೆಲೆಬಾಳುವ ನೋಟ. ಹೊಳಪು ಹೋಯಿತು, ಅಚ್ಚಿನ ಕಲೆ ಮುಚ್ಚಿತು, ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ತಾಗುವ ಸದ್ದೂ ಕುಗ್ಗಿತು. ‘ಸಾಫ್ಟ್ ಟಚ್’ ಎಂದು ಅದಕ್ಕೆ ಹೆಸರಾಯಿತು. ಫೆರಾರಿ, ಮಸೆರಾಟಿ ಮಾತ್ರವಲ್ಲ, ಜರ್ಮನ್ ಕಾರುಗಳೂ, ಕ್ಯಾಮೆರಾ, ಲ್ಯಾಪ್‌ಟಾಪ್, ಕಂಪ್ಯೂಟರ್ ಮೌಸ್‌ಗಳೂ ಈ ಲೇಪನ ತೊಟ್ಟವು.

ಪಾಲಿಯುರೆಥೇನ್ ಹೊಸ ವಸ್ತುವೇನಲ್ಲ. ಜರ್ಮನಿಯ ಲೆವರ್‌ಕೂಸೆನ್‌ನಲ್ಲಿ ಓಟೊ ಬಾಯರ್ ಮತ್ತು ಸಂಗಡಿಗರು 1937ರಲ್ಲಿ ಅದನ್ನು ಕಂಡುಹಿಡಿದರು. ಹಾಸಿಗೆಯ ಫೋಮ್, ಶೂಗಳ ಅಟ್ಟೆ, ಮರದ ವಾರ್ನಿಶ್, ಫ್ರಿಜ್ಜಿನ ಗೋಡೆಯೊಳಗಿನ ತುಂಬುವಿಕೆ ಎಲ್ಲವೂ ಈ ಕುಟುಂಬದವೇ. ಸರಪಳಿಯಂಥ ಉದ್ದುದ್ದ ಅಣುಗಳ ಈ ವಸ್ತುವಿನಲ್ಲಿ ಗಟ್ಟಿ ತುಂಡು, ಮೆತ್ತನೆಯ ತುಂಡು ಒಂದಾದ ಮೇಲೊಂದು ಬರುತ್ತವೆ. ಮೆತ್ತನೆಯ ತುಂಡು ಪಾಲಿಎಸ್ಟರ್ ಬಗೆಯದಾದರೆ ಅದಕ್ಕೊಬ್ಬ ಹುಟ್ಟುವೈರಿ ಇದ್ದಾನೆ: ನೀರು.

ಪಾಲಿಎಸ್ಟರನ್ನು ಹೆಣೆದಿರುವ ಎಸ್ಟರ್ ಬಂಧ ಹುಟ್ಟುವುದೇ ಆಮ್ಲ ಮತ್ತು ಆಲ್ಕೊಹಾಲ್ ಕೂಡಿ, ನೀರನ್ನು ಹೊರಹಾಕಿದಾಗ. ಗಾಳಿಯ ತೇವ ಲೇಪನದೊಳಗೆ ನುಸುಳಿದರೆ ಇದೇ ಕ್ರಿಯೆ ಹಿಂದುಮುಂದಾಗಿ ನಡೆಯುತ್ತದೆ. ನೀರು ಬಂಧವನ್ನು ಕತ್ತರಿಸಿ ಮತ್ತೆ ಆಮ್ಲ, ಆಲ್ಕೊಹಾಲ್ ಆಗಿ ಬೇರ್ಪಡಿಸುತ್ತದೆ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಜಲವಿಚ್ಛೇದನೆ ಎನ್ನುತ್ತಾರೆ. ಉದ್ದದ ಸರಪಳಿ ತುಂಡಾಗುತ್ತ ಹೋದಂತೆ ಲೇಪನದ ಬಿಗಿ ಸಡಿಲಗೊಂಡು ಮೇಲ್ಮೈ ಅಂಟಾಗುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಡಬ್ಬಿಯೊಳಗಿನ ಬೆಲ್ಲ ತೇವ ಕುಡಿದು ಬೆವರುವ ಹಾಗೆ. ಇನ್ನೂ ಕೆಟ್ಟ ಸಂಗತಿ ಎಂದರೆ, ಬಿಡುಗಡೆಯಾದ ಆಮ್ಲವೇ ಮುಂದಿನ ಬಂಧಗಳ ಕತ್ತರಿಕೆಗೆ ವೇಗ ಕೊಡುತ್ತದೆ. ಹಾಗಾಗಿ ವರ್ಷಗಟ್ಟಲೆ ಏನೂ ಆಗದಂತಿದ್ದ ಬಟನ್ ಒಮ್ಮೆ ಜಿಗುಟಾಗಲು ಶುರುವಾದರೆ ಮತ್ತೆ ನಿಲ್ಲುವುದಿಲ್ಲ.

ಸೆಖೆ ಇದಕ್ಕೆ ಕುಮ್ಮಕ್ಕು ಕೊಡುತ್ತದೆ. ಇಂಥ ಕ್ರಿಯೆಗಳ ವೇಗ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದ ಅಂದಾಜು ಲೆಕ್ಕ. ಗಾಜು ಮುಚ್ಚಿ ಬಿರುಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ದಾಟುವುದು ಅಪರೂಪವಲ್ಲ. ಅದರ ಮೇಲೆ ಕೈಯ ಬೆವರು, ಮುಲಾಮು, ಸನ್‌ಸ್ಕ್ರೀನ್. ಡೀಟ್ ಎಂಬ ರಾಸಾಯನಿಕವಿರುವ ಸೊಳ್ಳೆ ನಿವಾರಕವಂತೂ ಹಲವು ಪ್ಲಾಸ್ಟಿಕ್‌ಗಳನ್ನೇ ಮೆತ್ತಗಾಗಿಸುವ ವಸ್ತು.

ಇದೇ ರಸಾಯನ ಬೇರೊಂದು ಕ್ಷೇತ್ರದಲ್ಲಿ ಇನ್ನೂ ದೊಡ್ಡ ಕಳವಳ ಹುಟ್ಟಿಸಿತ್ತು. 1970 ಮತ್ತು 80ರ ದಶಕಗಳ ಧ್ವನಿಮುದ್ರಣ ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಡಲು ಪಾಲಿಎಸ್ಟರ್ ಬಗೆಯ ಯುರೆಥೇನನ್ನೇ ಬಳಸಿದ್ದರು. ಸ್ಟುಡಿಯೊಗಳು ನೆಚ್ಚಿಕೊಂಡಿದ್ದ ಆಂಪೆಕ್ಸ್ 456 ಇದಕ್ಕೆ ಹೆಸರಾದ ಉದಾಹರಣೆ. ಕಪಾಟಿನಲ್ಲಿ ವರ್ಷಾನುಗಟ್ಟಲೆ ಕೂತ ಟೇಪು ತೇವ ಹೀರಿ, ಯಂತ್ರಕ್ಕೆ ಹಾಕಿದರೆ ಕಿರುಗುಟ್ಟುತ್ತ, ಕಂದು ಅಂಟನ್ನು ಯಂತ್ರದ ಹೆಡ್‌ಗೆ ಬಳಿಯುತ್ತ ನಿಂತೇಬಿಡುತ್ತಿತ್ತು. ಅದಕ್ಕೆ ಕಂಡುಕೊಂಡ ಉಪಾಯ, ಟೇಪನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್‌ನ ಒಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವುದು. ಆಂಪೆಕ್ಸ್ ಕಂಪನಿ ಈ ವಿಧಾನಕ್ಕೆ ಪೇಟೆಂಟ್ ಪಡೆದಿತ್ತು. ಬೇಯಿಸಿದ ಟೇಪು ಕೆಲವು ವಾರಗಳ ಮಟ್ಟಿಗೆ ಸರಿಯಾಗಿ ಓಡುತ್ತದೆ, ಅಷ್ಟರಲ್ಲಿ ಹಾಡನ್ನು ಡಿಜಿಟಲ್‌ಗೆ ಇಳಿಸಿಕೊಳ್ಳಬೇಕು. ಕಾರಿನ ಬಟನ್ನಿಗೆ ಈ ಚಿಕಿತ್ಸೆ ಪ್ರಯೋಜನವಿಲ್ಲ. ಟೇಪು ಒಂದೇ ಬಾರಿ ಓಡಿದರೂ ಸಾಕು, ಬಟನ್ನನ್ನು ದಿನಾ ಒತ್ತಬೇಕು.

ಸ್ಪೋರ್ಟ್ಸ್ ಕಾರಿನ ಸಹವಾಸವೇ ಇಲ್ಲದ ಕನ್ನಡಿಗರಿಗೂ ಈ ರೋಗ ಪರಿಚಿತ. ಅಟ್ಟದ ಮೇಲೆ ಎತ್ತಿಟ್ಟಿದ್ದ ಟ್ರೆಕ್ಕಿಂಗ್ ಶೂ ಹಾಕಿಕೊಂಡು ಕುಮಾರಪರ್ವತವನ್ನೋ ಕೊಡಚಾದ್ರಿಯನ್ನೋ ಹತ್ತುವಾಗ ಅಟ್ಟೆ ಪುಡಿಪುಡಿಯಾಗಿ ಉದುರಿದರೆ ಅದೂ ಪಾಲಿಯುರೆಥೇನಿನ ಜಲವಿಚ್ಛೇದನೆಯೇ. ಹೆಚ್ಚು ಬಳಸಿಲ್ಲ, ಹೊಸದರ ಹಾಗೇ ಇತ್ತು ಎಂದು ಜನ ಅಚ್ಚರಿಪಡುತ್ತಾರೆ. ಬಳಕೆಗೂ ಇದಕ್ಕೂ ನಂಟು ಕಡಿಮೆ. ಗಾಳಿಯಲ್ಲಿ ತೇವವಿದ್ದರೆ ಸಾಕು.

ಕಾರಿನ ಬಿಡಿಭಾಗ ಹುಡುಕುವವರು ಎಡವುವುದು ಇಲ್ಲೇ. ಜಿಗುಟಾದ ಬಟನ್ನಿನ ಬದಲು ಕಂಪನಿಯ ಮೂಲ ಬಟನ್ನನ್ನೇ ವಿದೇಶದಿಂದ ತರಿಸುತ್ತಾರೆ. ಪೊಟ್ಟಣ ಬಿಚ್ಚಿದರೆ ಅದೂ ಅಂಟು, ಏಕೆಂದರೆ ಗೋದಾಮಿನ ಕಪಾಟಿನಲ್ಲಿ ಕೂತಿದ್ದಷ್ಟು ವರ್ಷವೂ ಅದೇ ಲೇಪನ ಅದೇ ಗಾಳಿಯಲ್ಲಿ ಕೊಳೆಯುತ್ತಿತ್ತು. ಹಣ ಕೊಟ್ಟು ಮತ್ತದೇ ರೋಗವನ್ನು ತಂದಂತಾಯಿತು. ಹಳೆಯ ಬಟನ್ನಿನ ಒಳಗಿನ ಗಟ್ಟಿ ಪ್ಲಾಸ್ಟಿಕ್ ಬಹುಪಾಲು ಸಂದರ್ಭಗಳಲ್ಲಿ ಚೆನ್ನಾಗಿಯೇ ಇರುತ್ತದೆ. ಉಳಿಸಿಕೊಳ್ಳಬೇಕಾದ್ದು ಅದನ್ನು.

ಕೆಲಸಕ್ಕೆ ಕೈಹಾಕುವ ಮೊದಲು ಒಂದು ಪರೀಕ್ಷೆ. ನಾಬ್ ಮುಟ್ಟಿದರೆ ಅಂಟುತ್ತದೆಯೋ, ತಿರುಗಿಸಿದರೆ ಬಿಗಿಯುತ್ತದೆಯೋ? ಎರಡೂ ಬೇರೆ ಬೇರೆ ತೊಂದರೆ. ಮೇಲಿನ ಟೋಪಿ ಕಿತ್ತ ಮೇಲೂ ಒಳಗಿನ ಕಡ್ಡಿ ಬಿಗಿಯಾಗಿ ತಿರುಗಿದರೆ ದೋಷ ಲೇಪನದ್ದಲ್ಲ. ಒಳಗಿನ ಗ್ರೀಸ್ ಒಣಗಿರಬಹುದು, ಚೆಲ್ಲಿದ ಕಾಫಿ ಇಳಿದಿರಬಹುದು. ಇನ್ನೂ ಹಳೆಯ ಕಾರುಗಳಾದರೆ ಹೀಟರಿನ ತಂತಿ ತುಕ್ಕು ಹಿಡಿದಿರಬಹುದು. ಸ್ವಿಚ್ಚಿನೊಳಗಿನ ಕೊಳೆಗೆ ಬೇಕಾದದ್ದು ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆಯ ಸ್ಪ್ರೇಯನ್ನು ಸ್ವಿಚ್ಚಿನೊಳಗೆ ಹೊಡೆದರೆ ಅದರ ಜಿಡ್ಡು ಒಳಗೇ ಉಳಿದು ಧೂಳು ಹಿಡಿಯುತ್ತದೆ.

ಲೇಪನದ್ದೇ ತೊಂದರೆ ಎಂದು ಖಾತ್ರಿಯಾದರೆ ಬಟನ್‌ಗಳನ್ನು ಕಾರಿನಿಂದ ಹೊರತೆಗೆಯುವುದು ಒಳ್ಳೆಯದು. ಕೂತಲ್ಲೇ ಒರೆಸಲು ಹೋದರೆ ದ್ರಾವಕ ಸ್ವಿಚ್ಚಿನೊಳಗೆ ಇಳಿಯುತ್ತದೆ, ಪಕ್ಕದ ಚರ್ಮದ ಹೊದಿಕೆಗೆ ಸಿಡಿದು ಅದರ ಬಣ್ಣ ಎದ್ದುಬರುತ್ತದೆ. ಇಟಲಿಯ ಆ ಚರ್ಮವನ್ನು ಸರಿಪಡಿಸುವ ಖರ್ಚು ಬಟನ್ನಿನದಕ್ಕಿಂತ ಎಷ್ಟೋ ಹೆಚ್ಚು. ಬ್ಯಾಟರಿ ಕಳಚುವ ಮೊದಲು ರೇಡಿಯೊದ ಕೋಡ್ ಕೈಯಲ್ಲಿದೆಯೇ ನೋಡಿಕೊಳ್ಳಬೇಕು, ಆ ಕಾಲದ ಹಲವು ರೇಡಿಯೊಗಳು ವಿದ್ಯುತ್ ತಪ್ಪಿದರೆ ಕೋಡ್ ಕೇಳುತ್ತವೆ. ಸ್ಟಿಯರಿಂಗ್ ಬಳಿಯ ಕೆಲಸವಾದರೆ ಏರ್‌ಬ್ಯಾಗ್ ಅಲ್ಲೇ ಇರುವುದರಿಂದ ಬ್ಯಾಟರಿ ಕಳಚಿ, ಕೈಪಿಡಿ ಹೇಳಿದಷ್ಟು ಹೊತ್ತು ಕಾಯಲೇಬೇಕು. ಗೊತ್ತಿಲ್ಲದವರು ಆ ಜಾಗಕ್ಕೆ ಕೈಹಾಕದಿರುವುದೇ ಸರಿ.

ತಿರುಗಿಸುವ ನಾಬ್‌ಗಳು ಸಾಮಾನ್ಯವಾಗಿ ಕಡ್ಡಿಯ ಮೇಲೆ ಒತ್ತಿ ಕೂರಿಸಿದಂಥವು, ನೇರವಾಗಿ ಎಳೆದರೆ ಬರುತ್ತವೆ. ಕೆಲವದರ ಬದಿಯಲ್ಲಿ ಸಣ್ಣ ತಿರುಪು ಅಡಗಿರುತ್ತದೆ. ಕಬ್ಬಿಣದ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಪಕ್ಕದ ಫಲಕದ ಮೇಲೆ ಗಾಯ ಗ್ಯಾರಂಟಿ. ಪ್ಲಾಸ್ಟಿಕ್ಕಿನ ಮೀಟುಪಟ್ಟಿ ಬಳಸಬೇಕು. ಬಿಚ್ಚುತ್ತ ಹೋದಂತೆ ಒಂದೊಂದು ಹಂತದ ಫೋಟೊ ತೆಗೆದು, ಒಂದೊಂದು ಬಟನ್ನನ್ನೂ ಗುರುತು ಹಾಕಿದ ಲಕೋಟೆಯಲ್ಲಿ ಇಟ್ಟುಕೊಂಡರೆ ಮರಳಿ ಜೋಡಿಸುವಾಗ ಗೊಂದಲವಿರದು.

ಇಡೀ ಕೆಲಸದ ಸೂಕ್ಷ್ಮ ಜಾಗ ಯಾವುದೆಂದರೆ ಬಟನ್ನಿನ ಮೇಲಿನ ಚಿತ್ರ. ಕಿಟಕಿ, ಫ್ಯಾನ್, ದೀಪ ಎಂದು ಸೂಚಿಸುವ ಆ ಪುಟ್ಟ ಬಿಳಿ ಗುರುತು ಬಟನ್ನಿನಿಂದ ಬಟನ್ನಿಗೆ ಬೇರೆ ಬೇರೆ ರೀತಿಯಲ್ಲಿ ಮೂಡಿರುತ್ತದೆ. ಕೆಲವೆಡೆ ಅಚ್ಚಿನಲ್ಲೇ ಬೇರೆ ಬಣ್ಣದ ಪ್ಲಾಸ್ಟಿಕ್ ಹೊಯ್ದಿರುತ್ತಾರೆ, ಅದಕ್ಕೆ ಯಾವ ಭಯವೂ ಇಲ್ಲ. ಕೆಲವೆಡೆ ಲೇಪನದ ಮೇಲೆ ಮುದ್ರಿಸಿರುತ್ತಾರೆ, ಲೇಪನ ಹೋದರೆ ಅದೂ ಹೋಗುತ್ತದೆ. ಮೂರನೆಯದು ರಾತ್ರಿ ಬೆಳಗುವ ಬಟನ್: ಬೆಳಕು ಹಾಯುವ ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಕಪ್ಪು ಬಣ್ಣ ಬಳಿದು, ಚಿತ್ರದ ಆಕಾರಕ್ಕೆ ಮಾತ್ರ ಲೇಸರಿನಿಂದ ಆ ಕಪ್ಪನ್ನು ಸುಟ್ಟು ತೆಗೆದಿರುತ್ತಾರೆ. ಇಂಥದ್ದರ ಲೇಪನ ತೊಳೆದರೆ ಇಡೀ ಬಟನ್ನೇ ಬೆಳಗಲು ಶುರುವಾಗುತ್ತದೆ. ಬಿಚ್ಚಿದ ಬಟನ್ನಿನ ಹಿಂದೆ ಟಾರ್ಚ್ ಹಿಡಿದು ನೋಡಿದರೆ ಅದು ಯಾವ ಜಾತಿಯದೆಂದು ಹೆಚ್ಚಿನ ಸಲ ತಿಳಿದುಬಿಡುತ್ತದೆ. ಈ ಎರಡು ನಿಮಿಷದ ಪರೀಕ್ಷೆ ಬಿಟ್ಟವರು ಗುರುತಿಲ್ಲದ ಬೋಳು ಬಟನ್‌ಗಳನ್ನು ಕೈಯಲ್ಲಿ ಹಿಡಿದು ಕೂತಿದ್ದಾರೆ.

ತೊಳೆಯಲು ಸಾಮಾನ್ಯವಾಗಿ ಬಳಸುವುದು ಐಸೊಪ್ರೊಪೈಲ್ ಆಲ್ಕೊಹಾಲ್. ಮೊಬೈಲ್ ರಿಪೇರಿಯವರು ಬೋರ್ಡ್ ಒರೆಸುವ ಐಪಿಎ ಅದೇ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ಸಿಗುತ್ತದೆ. 99 ಪ್ರತಿಶತ ಶುದ್ಧತೆಯದು ಒಳ್ಳೆಯದು. ಸ್ಯಾನಿಟೈಸರ್‌ನಲ್ಲಿ ಗ್ಲಿಸರಿನ್ ಬೆರೆತಿರುವುದರಿಂದ ಅದು ಬೇಡ. ಯಾರಿಗೂ ಕಾಣದ ಹಿಂಬದಿಯಲ್ಲಿ ಒಂದು ಹನಿ ಹಚ್ಚಿ, ಪ್ಲಾಸ್ಟಿಕ್ ಮಂಕಾಗಲಿಲ್ಲ, ಬಿರುಕು ಬಿಡಲಿಲ್ಲ ಎಂದು ಖಚಿತಪಡಿಸಿಕೊಂಡು ಮುಂದುವರಿಯಬೇಕು. ಬಟ್ಟೆಯನ್ನು ಐಪಿಎಯಲ್ಲಿ ತೋಯಿಸಿ ಬಟನ್ನಿನ ಮೇಲೆ ಸ್ವಲ್ಪ ಹೊತ್ತು ಒತ್ತಿಹಿಡಿದರೆ ಲೇಪನ ಸಡಿಲಾಗುತ್ತದೆ. ಆಮೇಲೆ ಉಜ್ಜಿದರೆ ಕಪ್ಪು ಲೋಳೆಯಾಗಿ ಎದ್ದುಬರುತ್ತದೆ. ಒಂದೇ ಬಟ್ಟೆಯಲ್ಲಿ ಉಜ್ಜುತ್ತಿದ್ದರೆ ಆ ಲೋಳೆ ಜಾಗ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ, ಹಾಗಾಗಿ ಬಟ್ಟೆ ಬದಲಿಸುತ್ತಲೇ ಇರಬೇಕು. ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್, ಮೂಲೆಗೆ ಮರದ ಹಲ್ಲುಕಡ್ಡಿ. ಬಟನ್ನನ್ನು ರಾತ್ರಿಯಿಡೀ ದ್ರಾವಕದಲ್ಲಿ ಮುಳುಗಿಸಿಡುವುದು ಸಲ್ಲದು. ಪಾಲಿಕಾರ್ಬೊನೇಟಿಗೆ, ಅದರಲ್ಲೂ ಬಿಗಿತವಿರುವ ಕೊಂಡಿಗಳಿಗೆ, ಅದರಿಂದ ಸೀಳು ಬರುವ ಅಪಾಯವಿದೆ. ಗಾಳಿಕಿಂಡಿಯ ಸಣ್ಣ ಪಟ್ಟಿಗಳು ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುತ್ತವೆ. ಕುಶಲಿಗಳೂ ಅಲ್ಲಿ ಅರ್ಧ ದಿನ ಕಳೆಯುತ್ತಾರೆ.

ಐಪಿಎ ಬೇಗ ಹೊತ್ತಿಕೊಳ್ಳುವ ದ್ರವ. ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗೇ ಕಿಡಿ ತಾಗಿದರೆ ಅದರ ಆವಿ ಹೊತ್ತುತ್ತದೆ ಎಂದರೆ ನಮ್ಮ ನಾಡಿನ ಯಾವ ಹಗಲೂ ಅದಕ್ಕೆ ತಂಪಲ್ಲ. ಕಿಟಕಿ ತೆರೆದ ಜಾಗ, ಕೈಗವಸು, ಹತ್ತಿರದಲ್ಲಿ ಬೆಂಕಿಯಿಲ್ಲದಿರುವುದು, ಪೂರ್ತಿ ಆರಿದ ಮೇಲಷ್ಟೇ ವಿದ್ಯುತ್ ಕೊಡುವುದು, ಇವುಗಳಲ್ಲಿ ರಿಯಾಯಿತಿ ಇಲ್ಲ.

ಉಗುರುಬಣ್ಣ ತೆಗೆಯುವ ದ್ರವ ಬೇಡವೇ ಬೇಡ. ಅದರಲ್ಲಿ ಹೆಚ್ಚಾಗಿ ಇರುವ ಅಸಿಟೋನ್ ಎಬಿಎಸ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಪೇಂಟ್ ಥಿನ್ನರ್, ಪೆಟ್ರೋಲ್ ಕೂಡ ಅದೇ ಸಾಲಿನವು. ಒಲೆ ತೊಳೆಯುವ ಕ್ಷಾರದ ಸ್ಪ್ರೇಯಿಂದ ಲೇಪನ ಬೇಗ ಏಳುತ್ತದೆಂದು ಅದನ್ನು ಬಳಸುವವರಿದ್ದಾರೆ. ಅದರಲ್ಲಿರುವ ಕಾಸ್ಟಿಕ್ ಸೋಡಾ ಚರ್ಮ ಸುಡುತ್ತದೆ, ಪಕ್ಕದ ಅಲ್ಯೂಮಿನಿಯಂ ಅಂಚನ್ನು ತಿನ್ನುತ್ತದೆ, ಪಾಲಿಕಾರ್ಬೊನೇಟನ್ನೂ ಹಾಳುಮಾಡುತ್ತದೆ. ಟಾಲ್ಕಂ ಪೌಡರ್ ಉದುರಿಸಿದರೆ ಅಂಟು ಒಂದು ವಾರ ಮರೆಯಾಗುತ್ತದೆ, ಆಮೇಲೆ ಪೌಡರೂ ಸೇರಿ ಬೂದು ಕೆಸರು. ಡ್ಯಾಶ್‌ಬೋರ್ಡಿಗೆ ಹಚ್ಚುವ ಸಿಲಿಕೋನ್ ಪಾಲಿಶ್ ಅಂಟನ್ನು ತೆಗೆಯುವುದಿಲ್ಲ. ಮೇಲಾಗಿ ಮುಂದೆ ಬಣ್ಣ ಹಚ್ಚಬೇಕೆಂದರೆ ಆ ಬಣ್ಣ ಹಿಡಿಯದಂತೆ ಮಾಡುತ್ತದೆ.

ಲೇಪನವೆಲ್ಲ ಹೋದ ಮೇಲೆ ಕೈಯಲ್ಲಿ ಉಳಿಯುವುದು ಗಟ್ಟಿಯಾದ, ತುಸು ಹೊಳಪಿನ ಕಪ್ಪು ಬಟನ್. ಲೇಪನದ ದಪ್ಪ ಹೋದದ್ದರಿಂದ ಗೂಡಿನಲ್ಲಿ ಕೊಂಚ ಸಡಿಲವೆನಿಸಬಹುದು. ಆದರೂ ಚಿತ್ರ ಉಳಿದಿದ್ದರೆ ಅಷ್ಟಕ್ಕೇ ಬಿಡುವುದು ಉತ್ತಮ, ಇನ್ನೆಂದೂ ಅಂಟದ ಮೇಲ್ಮೈ ಅದು. ಮಂಕು ನೋಟವೇ ಬೇಕೆನ್ನುವವರು ಪ್ಲಾಸ್ಟಿಕ್ಕಿಗೆ ಹಿಡಿಯುವ ಪ್ರೈಮರ್ ಕೊಟ್ಟು, ಮೇಲೆ ಗಟ್ಟಿಯಾಗಿ ಒಣಗುವ ಅರೆಮಂಕು ಕಪ್ಪು ಬಣ್ಣವನ್ನು ತೆಳ್ಳಗೆ ಸಿಂಪಡಿಸಬಹುದು. ದಪ್ಪವಾದರೆ ಬಟನ್ ಗೂಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡು ಭಾಗ ಬೆರೆಸುವ ಪಾಲಿಯುರೆಥೇನ್ ಬಣ್ಣಗಳಲ್ಲಿ ಉಸಿರಾಟಕ್ಕೆ ಅಪಾಯಕಾರಿಯಾದ ಐಸೊಸಯನೇಟ್ ಇರುವುದರಿಂದ ಆ ಕೆಲಸ ಸರಿಯಾದ ಮುಖಕವಚವಿರುವ ಪೇಂಟ್ ಶಾಪಿನದು. ಬೆಳಗುವ ಬಟನ್‌ಗಳಿಗೆ ಹೊಸ ಬಣ್ಣದ ಮೇಲೆ ಮತ್ತೆ ಲೇಸರ್ ಕೊರೆಸಬೇಕು. ಅಮೆರಿಕದಲ್ಲಿ ಇದನ್ನೇ ಕಸುಬಾಗಿಸಿಕೊಂಡ ವರ್ಕ್‌ಶಾಪುಗಳಿವೆ, ಮಾಲೀಕರು ಬಟನ್‌ಗಳನ್ನು ಅಂಚೆಯಲ್ಲಿ ಕಳಿಸಿ ಹೊಸ ಮೈಯೊಂದಿಗೆ ವಾಪಸ್ ಪಡೆಯುತ್ತಾರೆ. ಬೇರೆಯವರಿಗೆ ಕೊಡುವುದಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಮೇಲೆ ಹಚ್ಚುವುದು ಗಟ್ಟಿ ಬಣ್ಣವೋ, ಮತ್ತದೇ ಮೆತ್ತನೆಯ ಲೇಪನವೋ? ಮೆತ್ತನೆಯದಾದರೆ ಒಪ್ಪಬಾರದು.

ಹಳೆಯದು ಹೇಗಿತ್ತೋ ಹಾಗೇ ಇರಬೇಕು ಎನ್ನುವ ಸಂಗ್ರಾಹಕರಿಗೆ ಈ ಮಾತು ಕಹಿ. ಕಾರಿನ ಮೂಲರೂಪದ ಬಗ್ಗೆ ಅವರ ಕಾಳಜಿಗೆ ಗೌರವ ಸಲ್ಲಬೇಕು. ಆದರೆ ಶೋರೂಮಿನಲ್ಲಿ ಮೊದಲ ಸಲ ಮುಟ್ಟಿದಾಗ ಸಿಗುವ ಹಿತಕ್ಕಾಗಿ ಆಯ್ದ ಲೇಪನ ಅದು, 20 ವರ್ಷ ಬಾಳಲಿ ಎಂದಲ್ಲ. ತಯಾರಕರೂ ಪಾಠ ಕಲಿತಿದ್ದಾರೆ. ನೀರಿಗೆ ಸುಲಭವಾಗಿ ಜಗ್ಗದ ಪಾಲಿಕಾರ್ಬೊನೇಟ್ ಬಗೆಯ ಯುರೆಥೇನ್‌ಗಳು ಬಂದಿವೆ, ಲೇಪನಗಳನ್ನು ಬಿಸಿ ಮತ್ತು ತೇವದ ಪೆಟ್ಟಿಗೆಯಲ್ಲಿಟ್ಟು ಪರೀಕ್ಷಿಸುತ್ತಾರೆ. ಎಷ್ಟೋ ಕಡೆ ಲೇಪನವನ್ನೇ ಬಿಟ್ಟು ಅಚ್ಚಿನಲ್ಲೇ ಮಂಕು ಮೇಲ್ಮೈ ಮೂಡಿಸುತ್ತಾರೆ. ಹೊಸ ಕಾರಿಗೆ ಸರಿಯಾದದ್ದನ್ನು ಹಳೆಯ ಕಾರಿಗೆ ನಿರಾಕರಿಸಲು ಕಾರಣವಿಲ್ಲ.

ಲೇಪನ ಇನ್ನೂ ಕೆಡದ ಕಾರು ಇದ್ದರೆ ಅದನ್ನು ನೆರಳಲ್ಲಿ, ಒಣ ಜಾಗದಲ್ಲಿ ನಿಲ್ಲಿಸಬೇಕು. ಪ್ಲಾಸ್ಟಿಕ್ ಹೊದಿಕೆಯೊಳಗೆ ತೇವ ಕೂಡಿಹಾಕಬಾರದು. ಮಂಗಳೂರು, ಕಾರವಾರದಂಥ ಕರಾವಳಿಯ ಊರುಗಳಲ್ಲಿ ಮುಚ್ಚಿದ ಗ್ಯಾರೇಜಿಗೆ ತೇವ ಹೀರುವ ಯಂತ್ರವಿದ್ದರೆ ಇನ್ನೂ ಒಳ್ಳೆಯದು. ಇದರಿಂದ ಲೇಪನದ ಆಯುಸ್ಸು ಹಿಗ್ಗುತ್ತದೆ, ಅಷ್ಟೇ.

ಇನ್ನು ನಿಮ್ಮ ಕಾರಿನ ನಾಬ್ ಅಥವಾ ಮೇಜಿನ ಮೇಲಿನ ಹಳೆಯ ಮೌಸ್, ಬೀರುವಿನಲ್ಲಿನ ಕ್ಯಾಮೆರಾ ಜಿಗುಟಾಗಿದ್ದರೆ ಅದನ್ನು ಕಸಕ್ಕೆ ಹಾಕುವ ಮೊದಲು, ಹೊಸದಕ್ಕೆ ಆರ್ಡರ್ ಕೊಡುವ ಮೊದಲು, ಒಂದು ಸಣ್ಣ ಬಾಟಲಿ ಐಪಿಎ ತಂದು ಹಿಂಬದಿಯ ಮೂಲೆಯಲ್ಲಿ ಹಚ್ಚಿ ನೋಡಿ.